ಹಿರೇಓಣಿಯ ಆರುನೂರ ಹನ್ನೆರಡು ದನಿಗಳು

ಮಾರ್ಚ್ ಹನ್ನೊಂದು, ಬುಧವಾರ, ಬೆಳಿಗ್ಗೆ ಆರು ಗಂಟೆ ಮೂವತ್ತೊಂದು ನಿಮಿಷಕ್ಕೆ ಸೂರ್ಯ ಮೂಡಿದ. ಊರಿನ ಏಳು ಓಣಿಗಳ ಪೈಕಿ ಆರರಲ್ಲಿ ಎಂದಿನಂತೆ ಮುದುಕರು ಕೆಮ್ಮಿದರು, ಮಕ್ಕಳು ಅತ್ತವು, ಸೊಪ್ಪಿನವಳು ಕೂಗಿದಳು. ಹಿರೇಓಣಿಯಲ್ಲಿ ಮಾತ್ರ ಬಾಯಿಗಳು ತೆರೆದವು, ದನಿ ಬರಲಿಲ್ಲ.

ನಮ್ಮೂರಿನಲ್ಲಿ ಸೂರ್ಯ ಮುಳುಗಿದ ಮೇಲೆ ಯಾರಿಗೂ ದನಿ ಇರುವುದಿಲ್ಲ. ಸಂಜೆ ಅವು ದನಿಮನೆಗೆ ಬರುತ್ತವೆ, ಬೆಳಿಗ್ಗೆ ಗಂಟಲುಗಳಿಗೆ ಹಿಂತಿರುಗುತ್ತವೆ. ರಾತ್ರಿಯ ಸಂಸಾರವೆಲ್ಲ ಪಾಟಿ ಬಳಪದ ಮೇಲೆ ನಡೆಯುತ್ತದೆ. ಜಗಳಗಳನ್ನು ಜನ ಆರು ಗಂಟೆಯ ಒಳಗೆ ಮುಗಿಸಿಕೊಳ್ಳುತ್ತಾರೆ. ಮುಗಿಯದಿದ್ದರೆ ಎಲ್ಲಿಗೆ ನಿಂತಿತೆಂದು ಪಾಟಿಯ ಮೂಲೆಯಲ್ಲಿ ಗುರುತು ಹಾಕಿಟ್ಟು ಮರುದಿನ ಮುಂದುವರಿಸುತ್ತಾರೆ. ಹೊರಗಿನವರು ಬಂದು ನೆಲೆಸಿದರೆ, ಒಂದು ವಾರದೊಳಗೆ ಅವರ ದನಿಯೂ ಈ ದಾರಿ ಕಲಿಯುತ್ತದೆ.

ದನಿಮನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವಳು ನಾನು, ಶಾಂಭವಿ. ಓದಿದ್ದು ಭೌತಶಾಸ್ತ್ರ. ನನ್ನ ಅಜ್ಜನ ಕಾಲದಲ್ಲಿ ಇಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಗಡಿಗೆಗಳಿದ್ದವಂತೆ. ಈಗ ಓಣಿಗೊಂದರಂತೆ ಏಳು ಕಂಪ್ಯೂಟರುಗಳಿವೆ, ಏಳಕ್ಕೂ ಸೇರಿ ಕಣಜ ಎಂದು ಕರೆಯುವ ಒಂದು ದೊಡ್ಡ ಉಗ್ರಾಣವಿದೆ. ಓಣಿಯ ಒಂದೊಂದು ಯಂತ್ರದಲ್ಲೂ ಕಣಜ ಎಂಬ ಹೆಸರಿನ ಒಂದು ಖಾಲಿ ಫೋಲ್ಡರ್ ಇರುತ್ತದೆ. ಯಂತ್ರ ಶುರುವಾದಾಗ ಆ ಫೋಲ್ಡರಿಗೆ ನಿಜವಾದ ಕಣಜವನ್ನು ಜೋಡಿಸಬೇಕು. ಇದಕ್ಕೆ ನಾವು ಮೌಂಟ್ ಎನ್ನುತ್ತೇವೆ. ಜೋಡಣೆಯಾದ ಮೇಲೆ ಅಲ್ಲಿ ಇಟ್ಟದ್ದೆಲ್ಲ ಕಣಜಕ್ಕೆ ಹೋಗುತ್ತದೆ, ಅಲ್ಲಿಂದ ತೆಗೆದದ್ದೆಲ್ಲ ಕಣಜದಿಂದ ಬರುತ್ತದೆ.

ಏಳು ಗಂಟೆಗೆ ನಮ್ಮ ಮೇಲಧಿಕಾರಿ ವಾಮನರಾಯರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು.

"ಏನಾಗೇದ ಶಾಂಭವಿ? ದೀಪ ಎಲ್ಲಾ ಹಸರೇ ಅವ ಅಲ್ಲ?"

"ಹಸರೇ ಅವ ಸರ್."

"ಹಿರೇಓಣಿ ಮೌಂಟ್ ಆಗೇದ?"

"ಆಗೇದ."

"ಮತ್ತ ದನಿ?"

"ಕಣಜದಾಗ ಹಿರೇಓಣಿ ಜಾಗಾ ಖಾಲಿ ಅದ. ಒಂದೂ ಇಲ್ಲ."

ವಾಮನರಾಯರು ಬಾಗಿಲಿಗೆ ವಾಪಸು ಹೋಗಿ ಚಪ್ಪಲಿ ಬಿಟ್ಟು ಬಂದರು. ನಮ್ಮಿಬ್ಬರ ತಲೆಯಲ್ಲೂ ಇದ್ದದ್ದು ಕೆರೆಓಣಿಯ ಅಂಚೆಯ ಈರಣ್ಣ. ನನ್ನ ತಾಯಿಯ ಚಿಕ್ಕಂದಿನಲ್ಲಿ ಅವನ ಗಡಿಗೆ ಬೇರೆ ಸಾಲಿಗೆ ಸೇರಿ, ದನಿ ಸಿಕ್ಕಿದ್ದು ನಾಲ್ಕನೆಯ ದಿನ. ಮನೆಯತನಕ ಬಂತು, ಗಂಟಲಿಗೆ ಇಳಿಯಲಿಲ್ಲ. ಒಂದು ತಿಂಗಳು ಜಂತಿಯ ಹತ್ತಿರ ಓಡಾಡಿಕೊಂಡು ಊರವರ ವಿಳಾಸಗಳನ್ನು ಓದುತ್ತಿತ್ತಂತೆ, ಆಮೇಲೆ ಅದೂ ನಿಂತಿತು. ಮೂರು ಸೂರ್ಯೋದಯ ಮಾತ್ರ ಗಂಟಲು ಕಾಯುತ್ತದೆ. ಬುಧವಾರದ್ದು ಆಗಿಹೋಗಿತ್ತು. ಗುರುವಾರ, ಶುಕ್ರವಾರ ಉಳಿದಿದ್ದವು.

ಎಂಟರ ಹೊತ್ತಿಗೆ ಕಿಟಕಿಯ ಮುಂದೆ ಹಿರೇಓಣಿಯವರು ಪಾಟಿ ಹಿಡಿದು ನಿಂತಿದ್ದರು. ಓಣಿಯ ಹಿರಿಯ ಅಂದಾನೆಪ್ಪನವರು ಎರಡಡಿಯ ಶಾಲೆಯ ಹಲಗೆಯನ್ನೇ ತಂದಿದ್ದರು. ಅವರ ಸಿಟ್ಟಿಗೆ ಪಾಟಿ ಸಾಲುತ್ತಿರಲಿಲ್ಲ. ಬೇರೆ ಓಣಿಯ ಹುಡುಗರು ದಾರಿಯಲ್ಲಿ ನಿಂತು, "ಇವತ್ತ ಹಿರೇಓಣ್ಯಾಗ ನಳದ ಮುಂದ ನ್ಯಾಯ-ಜಗಳ ಇಲ್ಲಪಾ!" ಎಂದು ನಗುತ್ತಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಬಂದವಳು ನೀಲವ್ವ. ಅವಳು ಕುಂಬಾರ ಓಣಿಯವಳು, ದನಿ ಇತ್ತು. ಒಂದು ಕೈಯಲ್ಲಿ ಅಕ್ಕ ಗುರುಸಿದ್ದವ್ವನನ್ನು ಹಿಡಿದಿದ್ದಳು, ಹಿಂದೆ ಅಕ್ಕನ ಗಂಡ ಮೈಲಾರಪ್ಪ; ಗಂಡಹೆಂಡಿರಿಬ್ಬರೂ ಹಿರೇಓಣಿಯವರು.

"ಬಾಯಾರ, ನಮ್ಮ ಮಾವನ ದನಿ ಎಲ್ಲಿಟ್ಟೀರಿ? ತಗದು ಕೊಡ್ರಿ."

"ಇಡೀ ಓಣಿದು ಹೋಗೇದ ನೀಲವ್ವಾ. ಅವರೊಬ್ಬರ್ದಲ್ಲ."

"ಓಣ್ಯಾಗ ಎಲ್ಲಾರಿಗೂ ಕಣ್ಣು ಅದಾವು. ಇಕಿಗಿಲ್ಲ."

ಗುರುಸಿದ್ದವ್ವ ಹುಟ್ಟುಕುರುಡಿ. ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾಳೆ. ನಲವತ್ತೆರಡನೆಯ ವಯಸ್ಸಿನಲ್ಲಿ, ಕಳೆದ ಶ್ರಾವಣದಲ್ಲಿ ಊರಿಗೆ ಬಂದ ಮೈಲಾರಪ್ಪನನ್ನು ಮದುವೆಯಾಗಿದ್ದಳು. ಅವನು ಪಕ್ಕದಲ್ಲಿ ಕೂತು ತುಂಡುಗಳ ಬಣ್ಣ ಹೇಳುತ್ತಾನೆ, ಅವಳು ಎಲ್ಲಿ ಯಾವುದೆಂದು ನಿಶ್ಚಯಿಸುತ್ತಾಳೆ. ರಾತ್ರಿಗಳಿಗೆ ಇಬ್ಬರಿಗೂ ಒಂದು ಏರ್ಪಾಡಿತ್ತು: ಒಂದು ದಾರ, ಅದರ ಒಂದು ತುದಿ ಅವನ ಮಣಿಕಟ್ಟಿಗೆ, ಇನ್ನೊಂದು ಅವಳದಕ್ಕೆ. ಆದರೆ ಅದು ರಾತ್ರಿಗೆ. ಈಗ ಬಿಸಿಲಿತ್ತು, ಬಿಸಿಲು ಅವಳ ಮುಖಕ್ಕೆ ತಾಗುತ್ತಿತ್ತು, ಅವನು ಮಾತಾಡುತ್ತಿರಲಿಲ್ಲ. ಅವಳು ಮತ್ತೆ ಮತ್ತೆ ಕೈ ಎತ್ತಿ ಅವನ ಗಂಟಲನ್ನು ಮುಟ್ಟುತ್ತಿದ್ದಳು, ಒಲೆಯ ಮೇಲಿನ ಪಾತ್ರೆ ಬಿಸಿಯಾಯಿತೇ ಎಂದು ನೋಡುವವರ ಹಾಗೆ.

"ಬೆಳಗಿಂದ ನನ್ನ ಅಂಗೈ ಮ್ಯಾಲೆ ಗೀಚಿ ಗೀಚಿ ಕೇಳಾಕತ್ತಾಳ್ರಿ," ಎಂದಳು ನೀಲವ್ವ. "ಇಂವ ಅಂವನೋ ಅಲ್ಲೋ ಅಂತ. ನಾ ಹೌದು ಅಂದ್ರ ನಂಬವಲ್ಲಳು. ನನ್ನ ಮ್ಯಾಲ ಮೊದಲಿಂದನೂ ಅಕಿಗೆ ನಂಬಿಕಿಲ್ಲ ಬಿಡ್ರಿ."

ಆ ದಿನವೆಲ್ಲ ನಾನು ಗೊತ್ತಿದ್ದ ಕ್ರಮದಲ್ಲೇ ಹುಡುಕಿದೆ. ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಹಿರೇಓಣಿಯ ಯಂತ್ರ ಕಣಜವನ್ನು ಸರಿಯಾದ ಹೆಸರಿನಿಂದ ಕರೆಯುತ್ತಿದೆಯೇ ಎಂದು ನೋಡಿದೆ, ಕರೆಯುತ್ತಿತ್ತು. ಓಣಿಯ ಗುರುತಿನ ಸಂಖ್ಯೆ ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ಕಣಜ ಒಬ್ಬರ ವಸ್ತುವನ್ನು ಇನ್ನೊಬ್ಬರದೆಂದು ತಿಳಿಯುತ್ತದೆ; ಒಂದೇ ಇತ್ತು. ಎರಡು ಗಡಿಯಾರಗಳ ನಡುವೆ ಅರ್ಧ ಸೆಕೆಂಡಿನ ವ್ಯತ್ಯಾಸವೂ ಇರಲಿಲ್ಲ. ಯಂತ್ರವನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ. ಹಸಿರು ದೀಪ ಹತ್ತಿತು. ಪರೀಕ್ಷೆಗೆ ಒಂದು ಫೈಲು ಬರೆದು ಆ ಫೋಲ್ಡರಿನಲ್ಲಿ ಇಟ್ಟೆ, ಕಣಜದಲ್ಲಿ ತಕ್ಷಣ ಕಾಣಿಸಿತು. ಯಾವ ತಪ್ಪೂ ಇಲ್ಲದ ಯಂತ್ರ ನನ್ನ ಮುಂದೆ ಕೂತಿತ್ತು. ತಪ್ಪು ಕಂಡಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಗುರುವಾರದ ಸೂರ್ಯನೂ ಹಿರೇಓಣಿಗೆ ಏನೂ ಕೊಡದೆ ಮೂಡಿದ. ಓಣಿ ಅಷ್ಟರಲ್ಲಿ ಹೊಂದಿಕೊಳ್ಳಲು ಶುರು ಮಾಡಿತ್ತು. ಅಂಗಡಿಯವರು ಸಾಮಾನಿನ ಹೆಸರು ಬರೆದ ರಟ್ಟುಗಳನ್ನು ಸಾಲಾಗಿ ತೂಗುಹಾಕಿ, ಗಿರಾಕಿಗಳ ಕೈಗೊಂದು ಕೋಲು ಕೊಟ್ಟಿದ್ದರು. ತಾಯಂದಿರು ಮಕ್ಕಳ ಸೊಂಟಕ್ಕೆ ಗೆಜ್ಜೆ ಕಟ್ಟಿದ್ದರು. ಶಾಲೆಯಲ್ಲಿ ಹಾಜರಿಗೆ ಚಪ್ಪಾಳೆ. ಹತ್ತು ಗಂಟೆಗೆ ಅಂದಾನೆಪ್ಪನವರು ತಮ್ಮ ಹಲಗೆಯ ಜೊತೆ ವಾಮನರಾಯರ ಕೋಣೆಗೆ ಬಂದರು. ಹಲಗೆಯ ಮೇಲೆ ಹೀಗಿತ್ತು: 'ಹೋದ ಯುಗಾದಿಯ ದನಿ ಕೊಡಿರಿ. ಸಾಕು.'

ಪ್ರತಿ ಯುಗಾದಿಗೆ ನಾವು ಊರಿನ ಎಲ್ಲ ದನಿಗಳ ಒಂದೊಂದು ಪ್ರತಿ ತೆಗೆದು ಬೇರೆ ಬೀರುವಿನಲ್ಲಿ ಇಡುತ್ತೇವೆ. ಒಂದು ವರ್ಷ ಹಳೆಯದು, ಆದರೆ ಇದ್ದ ಹಾಗೇ ಇದೆ. ಮಕ್ಕಳು ಸ್ವಲ್ಪ ತೊದಲಬಹುದು, ಈ ವರ್ಷ ಗಂಟಲು ಒಡೆದ ಹುಡುಗರು ಮತ್ತೆ ಕೀಚಲಾಗಿ ಮಾತಾಡಬಹುದು. ಯುಗಾದಿಯ ಮೇಲೆ ಹುಟ್ಟಿದ ಕೂಸುಗಳ ದನಿಯನ್ನು ಹುಟ್ಟಿದ ದಿನವೇ ಆ ಬೀರುವಿಗೆ ಸೇರಿಸಿರುತ್ತೇವೆ. ಬದುಕು ನಡೆಯುತ್ತದೆ.

"ಖರೇ ಅದ ಅವರು ಹೇಳೋದು," ಎಂದರು ವಾಮನರಾಯರು. "ಆದ್ರ ದನಿ ನುಂಗೋ ಯಂತ್ರದಾಗ ಹಳೇ ಪ್ರತಿನೂ ಹಾಕಿ ಅದನ್ನೂ ಕಳಕೊಳ್ಳೋದು ಬ್ಯಾಡ. ಹಿರೇಓಣಿ ಯಂತ್ರಾನ ಪೂರ್ತಿ ಅಳಸು. ಹೊಸದಾಗಿ ಕೂಡಿಸು. ಎಷ್ಟ ಹೊತ್ತು ಬೇಕು?"

"ಹತ್ತು ತಾಸು."

"ಹಂಗಾರ ಸಂಜಿ ಐದಕ್ಕ ಶುರು ಮಾಡಿಬಿಡು. ನಾಳೆ ಸೂರ್ಯ ಹುಟ್ಟೋದ್ರಾಗ ಎಲ್ಲಾ ತಯಾರ ಇರಬೇಕು."

"ಸರ್, ಮೈಲಾರಪ್ಪ ಊರಿಗೆ ಬಂದಿದ್ದು ಶ್ರಾವಣದಾಗ. ಯುಗಾದಿ ಪ್ರತಿಯೊಳಗ ಅವರ ದನಿ ಇಲ್ಲ."

ವಾಮನರಾಯರು ಕನ್ನಡಕ ತೆಗೆದು ಒರೆಸಿದರು. "ಆರನೂರ ಹನ್ನೊಂದು ಮಂದಿ ಇದ್ದಾರವ್ವ," ಎಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

ಸುದ್ದಿಯನ್ನು ನಾನೇ ಅವರಿಗೆ ತಿಳಿಸಬೇಕಾಯಿತು. ಮೂವರೂ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಗುರುಸಿದ್ದವ್ವನ ಮಡಿಲಲ್ಲಿ ಅರ್ಧ ಹೊಲಿದ ಕೌದಿ ಇತ್ತು. ಎರಡು ದಿನದಲ್ಲಿ ಬಣ್ಣದ ಹಂಗಿಲ್ಲದೆ ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿದ್ದಳು. ನಾನು ಮೈಲಾರಪ್ಪನನ್ನು ಪಕ್ಕಕ್ಕೆ ಕರೆದೆ. ಅವನು ಎದ್ದು ಬರಲಿಲ್ಲ, ಕೂತಲ್ಲೇ ಪಾಟಿ ಚಾಚಿದ. ಪಿಸುಗುಟ್ಟಿದರೆ ಅವಳಿಗೆ ಕೇಳುತ್ತಿತ್ತು, ಆದ್ದರಿಂದ ನಾನೂ ಬರೆದೇ ತಿಳಿಸಿದೆ. ಅವನು ಓದಿದ, ಅಳಿಸಿದ, ನಿಧಾನವಾಗಿ ಬರೆದ: 'ಎಲ್ಲಾರಿಗೂ ಕೊಡ್ರಿ. ನಾ ಒಬ್ಬಂವ ಇರಲಿ. ಇಕಿಗೆ ಹೇಳಬ್ಯಾಡ್ರಿ.'

ಬಳಪದ ಸದ್ದು ಗುರುಸಿದ್ದವ್ವನ ಕಿವಿಗೆ ಬಿದ್ದಿತ್ತು. ಅವಳು ಕೈ ಚಾಚಿ ಪಾಟಿಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬಟ್ಟೆಯ ತುಂಡಿನ ನೇಯ್ಗೆಯನ್ನು ನೋಡುವ ಬೆರಳುಗಳಿಂದ ಆ ಅಕ್ಷರಗಳನ್ನು ಸವರಿದಳು. ಸವರಿದಷ್ಟೂ ಅವು ಅಳಿಸಿಹೋದವು. ಕಡೆಗೆ ಬಿಳಿಯಾದ ಬೆರಳುಗಳನ್ನು ತಂಗಿಯ ಕಡೆ ಎತ್ತಿ ಹಿಡಿದು ಕಾದಳು.

ನೀಲವ್ವ ಓದಿದ್ದಳು. ಮೊದಲು ಬೇರೆ ಕಡೆ ನೋಡಿದಳು. ಆಮೇಲೆ, "ನಾ ಸುಳ್ಳು ಹೇಳಾಕಿ ಅಂತ ಮೊದಲ ಹೆಸರೈತಿ," ಎಂದವಳೇ ಜೋರಾಗಿ ಎಲ್ಲವನ್ನೂ ಹೇಳಿಬಿಟ್ಟಳು. ಗುರುಸಿದ್ದವ್ವ ಅಳಲಿಲ್ಲ. ಗಂಡನ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಳು. ಆ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಮೈಲಾರಪ್ಪನ ಬೆರಳ ತುದಿಗಳು ಕೆಂಪಾದವು.

ನಾನು ಒಳಗೆ ಬಂದೆ. ಗಂಟೆ ಮೂರೂ ಇಪ್ಪತ್ತು.

ಒಂದು ಯಂತ್ರವನ್ನು ಅಳಿಸುವ ಮುಂಚೆ ಫಾರಂ ತುಂಬಬೇಕು: ಅದರಲ್ಲಿ ಏನೇನಿದೆ, ಎಷ್ಟೆಷ್ಟಿದೆ, ಒಟ್ಟು ಎಷ್ಟು. ನನಗಿಂತ ಮುಂಚೆ ಇದ್ದವರು ಒಟ್ಟನ್ನು ಮಾತ್ರ ಬರೆಯುತ್ತಿದ್ದರು. ಕೆಲಸ ತಡವಾಗಲಿ ಎಂಬ ಆಸೆಯಿಂದಲೋ ಏನೋ, ನಾನು ಒಂದೊಂದನ್ನೂ ಅಳೆದು ಬರೆಯತೊಡಗಿದೆ. ಕಣಜ ಬೇರೆಡೆ ಇರುವುದರಿಂದ ಅದನ್ನು ಬಿಟ್ಟು, ಹಿರೇಓಣಿಯ ಯಂತ್ರದ ಸ್ವಂತ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಕೂಡಿಸಿದೆ. ೪೧.೨ ಗಿಗಾಬೈಟ್ ಬಂತು. ಕೆಳಗಿನ ಸಾಲಿನಲ್ಲಿ, ಡಿಸ್ಕು ತಾನೇ ಹೇಳುವ ಒಟ್ಟನ್ನು ಬರೆಯಬೇಕು. ಅದು ೫೮.೪ ಎಂದಿತು.

ತಪ್ಪು ಕೂಡಿಸಿರಬೇಕೆಂದು ಮತ್ತೆ ಕೂಡಿಸಿದೆ. ೪೧.೨. ಮತ್ತೆ ಡಿಸ್ಕನ್ನು ಕೇಳಿದೆ. ೫೮.೪. ಕಣ್ಣಿಗೆ ಕಾಣದ ೧೭.೨ ಗಿಗಾಬೈಟ್ ಆ ಯಂತ್ರದಲ್ಲಿ ಎಲ್ಲೋ ಕೂತಿತ್ತು.

ಕೈ ತಾನಾಗಿ ಭಾಗಾಕಾರಕ್ಕೆ ಹೋಯಿತು. ಹದಿನೇಳು ಸಾವಿರದ ಇನ್ನೂರು ಮೆಗಾಬೈಟನ್ನು ಆರುನೂರ ಹನ್ನೆರಡರಿಂದ ಭಾಗಿಸಿದೆ. ೨೮.೧. ಒಬ್ಬ ಮನುಷ್ಯನ ದನಿ ಎಷ್ಟು ಜಾಗ ಹಿಡಿಯುತ್ತದೆಂದು ಹನ್ನೊಂದು ವರ್ಷದಿಂದ ಅಳೆಯುತ್ತಿದ್ದೇನೆ. ಸರಾಸರಿ ಇಪ್ಪತ್ತೆಂಟು.

ಆಮೇಲೆ ನನ್ನ ದಿನಚರಿ ತೆಗೆದೆ. ಮಂಗಳವಾರದ ಪುಟದ ಕೊನೆಯ ಸಾಲು ನನ್ನದೇ ಅಕ್ಷರದಲ್ಲಿತ್ತು: 'ಸಂಜೆ ೬-೫೨: ಹಿರೇಓಣಿ ಜೋಡಣೆ ಬಿಟ್ಟಿತ್ತು, ಜೋಡಿಸಿದೆ.' ವಾರಕ್ಕೆ ಹತ್ತು ಸಲ ಮಾಡುವ ಕೆಲಸ, ಮರೆತೇ ಹೋಗಿತ್ತು. ಅಂದು ಸೂರ್ಯ ಮುಳುಗಿದ್ದು ಆರು ಮೂವತ್ಮೂರಕ್ಕೆ.

ಆ ಹತ್ತೊಂಬತ್ತು ನಿಮಿಷಗಳಲ್ಲಿ ಎಲ್ಲ ಇತ್ತು. ಮಂಗಳವಾರ ಕರೆಂಟಿನ ರಿಪೇರಿಗೆಂದು ಎಲ್ಲ ಯಂತ್ರಗಳನ್ನೂ ನಿಲ್ಲಿಸಿದ್ದೆವು. ಆರು ಗಂಟೆಗೆ ಕರೆಂಟು ಬಂತು. ಯಂತ್ರ ಶುರು ಮಾಡುವಾಗ ಮೊದಲ ಮರ್ಯಾದೆ ಹಿರೇಓಣಿಯದು. ಗಡಿಗೆಗಳ ಕಾಲದಿಂದ ಬಂದ ಪದ್ಧತಿ. ಅಂದಾನೆಪ್ಪನವರು ರುಮಾಲು ಸುತ್ತಿ, ಕಾಯಿ ಹಿಡಿದು ನಿಂತಿರುತ್ತಾರೆ. ಅವರ ಓಣಿಯ ಗುಂಡಿ ಒತ್ತಿದ ಮೇಲೇ ಕಣಜದ ಗುಂಡಿ, ಮತ್ತೆ ಒಂದು ಗಳಿಗೆ, ಅಂದರೆ ಇಪ್ಪತ್ನಾಲ್ಕು ನಿಮಿಷ, ಕಳೆದ ಮೇಲೆ ಉಳಿದ ಓಣಿಗಳು. ಹಳೆಯ ಕಣಜ ಎರಡು ನಿಮಿಷಕ್ಕೆ ಏಳುತ್ತಿತ್ತು. ದೀಪಾವಳಿಗೆ ಬಂದ ಹೊಸ ಕಣಜಕ್ಕೆ ತನ್ನನ್ನು ತಾನು ಪರೀಕ್ಷಿಸಿಕೊಂಡು ಏಳಲು ಹದಿನಾಲ್ಕು ನಿಮಿಷ ಬೇಕು. ಅದು ಬಂದ ಮೇಲೆ ಎಲ್ಲವನ್ನೂ ನಿಲ್ಲಿಸಿದ್ದು ಇದೇ ಮೊದಲು. ಹಿರೇಓಣಿಯ ಯಂತ್ರ ಐದು ನಿಮಿಷ ಕಣಜದ ಬಾಗಿಲು ತಟ್ಟಿತು, ಯಾರೂ ತೆರೆಯಲಿಲ್ಲ, ಸುಮ್ಮನೆ ತನ್ನ ಕೆಲಸಕ್ಕೆ ಹೋಯಿತು. ಐದು ನಿಮಿಷ ಕಾದು ಮುಂದೆ ಹೋಗು ಎಂದು ಅದಕ್ಕೆ ಬರೆದುಕೊಟ್ಟವಳು ನಾನು. ಆರು ಮೂವತ್ಮೂರಕ್ಕೆ ಬಂದ ದನಿಗಳನ್ನು ಅದು ಕಣಜ ಎಂಬ ಹೆಸರಿನ ತನ್ನ ಸ್ವಂತ ಖಾಲಿ ಫೋಲ್ಡರಿನಲ್ಲೇ ಇಟ್ಟಿತು. ಆರು ಐವತ್ತೆರಡಕ್ಕೆ ನಾನು ಬಂದು, ಆ ಫೋಲ್ಡರಿನ ಮೇಲೆ ನಿಜವಾದ ಕಣಜವನ್ನು ತಂದು ಜೋಡಿಸಿ, ಹಸಿರು ದೀಪ ನೋಡಿ ಮನೆಗೆ ಹೋದೆ.

ವಾಮನರಾಯರನ್ನು ಕರೆದೆ. ನನ್ನ ದನಿ ಹೇಗಿತ್ತೋ, ನೀಲವ್ವನೂ ಕಟ್ಟೆಯಿಂದ ಎದ್ದು ಒಳಗೆ ಬಂದಳು. ಯಾರೂ ಅವಳನ್ನು ತಡೆಯಲಿಲ್ಲ. ಇಬ್ಬರ ಎದುರಿಗೂ ಹಿರೇಓಣಿಯ ಜೋಡಣೆಯನ್ನು ಬಿಚ್ಚಿದೆ. ದೀಪ ಕೆಂಪಾಯಿತು. ಎರಡು ದಿನದಿಂದ ಆ ಕೆಂಪಿಗೆ ಹೆದರಿ, ಬಿಚ್ಚಿ ಕೆಳಗೆ ನೋಡದೇ ಇದ್ದ ಜೋಡಣೆ ಅದು. ಕೆಳಗಿನ ಫೋಲ್ಡರನ್ನು ತೆರೆದೆ.

ಹೆಸರುಗಳು ಮೇಲಿಂದ ಕೆಳಗೆ ಇಳಿಯತೊಡಗಿದವು. ಅಂದಾನೆಪ್ಪ. ಅಕ್ಕಮ್ಮ. ಅಡಿವೆಪ್ಪ. ನಿಲ್ಲದೆ ಇಳಿದವು. ಮೈಲಾರಪ್ಪ: ೩೧ ಮೆಗಾಬೈಟ್. ಕೊನೆಯಲ್ಲಿ ಸಂಖ್ಯೆ ನಿಂತಿತು, ೬೧೨.

ವಾಮನರಾಯರು ಪಕ್ಕದ ಸ್ಟೂಲನ್ನು ಕೈಯಿಂದ ತಡಕಿ ಕೂತರು. "ಐದಕ್ಕ ಅಳಸಿದ್ರ..." ಎಂದರು. ಗಡಿಯಾರದಲ್ಲಿ ನಾಲ್ಕೂ ಹತ್ತು.

"ಅಂದ್ರ ಏನು, ತಿಳಿಯೂ ಹಂಗ ಹೇಳ್ರಿ," ಎಂದಳು ನೀಲವ್ವ. ನಾನು ಹೇಳಿದೆ. ಅವಳು ಸೊಂಟಕ್ಕೆ ಕೈ ಕೊಟ್ಟು ಕೇಳಿದಳು. "ನೆಲದಾಗಿನ ಹಗೇವಿನ್ಯಾಗ ಜ್ವಾಳ ತುಂಬಿ, ಅದರ ಬಾಯಿ ಮ್ಯಾಲ ಜಮಖಾನ ಹಾಸಿ, ಅದರ ಮ್ಯಾಲ ಕುಂತು, ಜ್ವಾಳ ಎಲ್ಲಿ ಹೋತು ಅಂತ ಊರೆಲ್ಲಾ ಹುಡಿಕೀರಿ."

"ಹೌದು."

"ಇದಕ್ಕ ನೀವು ಸಾಲಿ ಬ್ಯಾರೆ ಕಲತೀರಿ!" ಎಂದು ನಕ್ಕವಳು ಸೆರಗಿನಿಂದ ಮೂಗು ಒರೆಸಿಕೊಂಡು, ಅಕ್ಕನಿಗೆ ಹೇಳಲು ಓಡಿದಳು.

ಅಂದಾನೆಪ್ಪನವರನ್ನು ಕರೆಸಿ ನಾನು ನಮ್ಮಿಬ್ಬರ ತಪ್ಪನ್ನೂ ಹೇಳಿದೆ, ನನ್ನದನ್ನು ಮೊದಲು. ಅವರು ಹಲಗೆಯ ನಡುಮಧ್ಯದಲ್ಲಿ ಒಂದೇ ಶಬ್ದ ಬರೆದರು: 'ಮರ್ಯಾದೆ?'

"ಇನ್ನ ಮುಂದ ಕಣಜದ ಗುಂಡಿ ನೀವ ಒತ್ರಿ ಅಜ್ಜಾರ. ಅದು ಎದ್ದ ಮ್ಯಾಲ ಓಣಿಗೋಳು. ಕಣಜಕ್ಕಿಂತ ಮೊದಲಂದ್ರ ಯಾವುದೂ ಇಲ್ಲ."

ಅವರು ತುಂಬ ಹೊತ್ತು ಯೋಚಿಸಿದರು. ಒರೆಸಿ ಬರೆದರು: 'ಆಗಲಿ. ಕಾಯಿ?'

"ಹೊರಗ ಒಡೀರಿ. ನೀರು ಯಂತ್ರದ ಮ್ಯಾಲ ಸಿಡಿಬಾರದು."

ಅದಕ್ಕೂ ಅವರು ಯೋಚಿಸಿಯೇ ತಲೆಯಾಡಿಸಿದರು.

ದನಿಗಳನ್ನು ಮೊದಲು ಬೇರೊಂದು ಡಿಸ್ಕಿಗೆ ಪ್ರತಿ ಮಾಡಿದೆ, ಆಮೇಲೆ ಕಣಜವನ್ನು ಜೋಡಿಸಿ ಅದರೊಳಗೆ ಹಿರೇಓಣಿಯ ಜಾಗಕ್ಕೆ ಇಳಿಸಿದೆ. ಹೋದದ್ದೂ ಬಂದದ್ದೂ ಒಂದೊಂದಾಗಿ ತಾಳೆಯಾಗಬೇಕು. ಹೆಸರು ಹೆಸರಾಗಿ ಗಟ್ಟಿಯಾಗಿ ಎಣಿಸುತ್ತ ಹೋದೆ. ನಾನೂರ ಒಂಬತ್ತು ಎನ್ನುವಾಗ ಸೂರ್ಯ ಮುಳುಗಿ ನನ್ನ ದನಿ ಹೋಯಿತು. ನಾನೂರ ಹತ್ತರಿಂದ ಮನಸ್ಸಿನಲ್ಲೇ ಎಣಿಸಿದೆ. ಹೋಗುವ ಮುಂಚೆ ಏಳೂ ಯಂತ್ರಗಳ ಆ ಖಾಲಿ ಫೋಲ್ಡರುಗಳಿಗೆ, ಜೋಡಣೆಯಿಲ್ಲದ ಹೊತ್ತಿನಲ್ಲಿ ಒಂದು ಕೆಮ್ಮನ್ನೂ ಒಳಗೆ ಬಿಡದಂತೆ ಬೀಗ ಹಾಕಿದೆ. ಹನ್ನೊಂದು ವರ್ಷದ ಹಿಂದೆಯೇ ಹಾಕಬೇಕಿದ್ದ ಬೀಗ. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಶುಕ್ರವಾರ ಸೂರ್ಯೋದಯ ಆರು ಮೂವತ್ತಕ್ಕೆ. ತಡವಾಗಿ ಸೇರಿದ ದನಿ ಪೂರ್ತಿ ಇಳಿದಿದೆಯೇ ಎಂದು ಸ್ಥಳದಲ್ಲೇ ಅಳೆದು ದಾಖಲಿಸಬೇಕೆಂಬ ನಿಯಮವಿದೆ. ಒಂದು ಮೀಟರ್ ದೂರಕ್ಕೆ ಅರವತ್ತು ಡೆಸಿಬೆಲ್ ಬಂದರೆ ಪೂರ್ತಿ ಇಳಿದಂತೆ. ನಾನು ಶಬ್ದ ಅಳೆಯುವ ಮೀಟರು ಹಿಡಿದು ಹತ್ತು ನಿಮಿಷ ಮುಂಚೆಯೇ ಗುರುಸಿದ್ದವ್ವನ ಮನೆಯಲ್ಲಿದ್ದೆ. ಎಲ್ಲಿಂದ ಶುರು ಮಾಡಬೇಕೆಂದು ನಿಯಮ ಹೇಳುವುದಿಲ್ಲ. ಅವಳು ಗೋಡೆಗೆ ಒರಗಿ ಕೂತಿದ್ದಳು, ಮುಖ ಬಾಗಿಲ ಕಡೆಗೆ. ಮೈಲಾರಪ್ಪ ಅವಳ ಮುಂದೆ ಮೊಣಕಾಲೂರಿ ಕೂತಿದ್ದ. ಏನು ಹೇಳಬೇಕೆಂದು ಅವನು ಎರಡು ದಿನದಿಂದ ಯೋಚಿಸಿಟ್ಟಿದ್ದನೆಂದು ಕಾಣುತ್ತಿತ್ತು. ತುಟಿಗಳು ಆಗಲೇ ಅಭ್ಯಾಸ ಮಾಡುತ್ತಿದ್ದವು. ನೀಲವ್ವ ಹೊಸ್ತಿಲ ಮೇಲೆ ನಿಂತು ಹೊರಗೆ ಬೆಳಕನ್ನು ನೋಡುತ್ತಿದ್ದಳು.

ಮೊದಲು ಬಂದದ್ದು ಪಕ್ಕದ ಮನೆಯ ಕೂಸಿನ ಅಳು. ಆಮೇಲೆ ಒಮ್ಮೆಗೇ ಇಡೀ ಓಣಿ: ಕೆಮ್ಮು, ನಗು, ಯಾರೋ ಯಾರನ್ನೋ ಬೈಯುವುದು, ಅಂದಾನೆಪ್ಪನವರ ಗುಡುಗಿನಂಥ 'ಶಿವಾ!' ಮೈಲಾರಪ್ಪ ಬಾಯಿ ತೆರೆದ. ಅದೇ ಕ್ಷಣಕ್ಕೆ ಅವನ ಕಣ್ಣು ಅವಳ ಪಕ್ಕಕ್ಕಿದ್ದ ಒಲೆಯ ಕಡೆ ಹೋಯಿತು.

"ಏ, ಹಾಲು ಉಕ್ಕಾಕತ್ತೇತಿ!"

ಆ ದನಿ ಕೋಣೆಯಲ್ಲಿ ಎಲ್ಲೆಲ್ಲಿ ತಾಗಿತೋ ಅಲ್ಲೆಲ್ಲ ಗುರುಸಿದ್ದವ್ವನ ಮುಖ ತಿರುಗಿತು. ಆಮೇಲೆ ಅವಳ ಗಂಟಲಿನಿಂದ ನಗುವೋ ಅಳುವೋ ಒಂದು ಹೊರಟಿತು.

"ಮೂರು ದಿನಕ್ಕ ಒಂದು ಮಾತು," ಎಂದಳು. "ಅದೂ ಹಾಲಿಂದು! ಉಕ್ಕಲಿ ಬಿಡು. ಇನ್ನೊಮ್ಮೆ ಅನ್ನು."

"ಏನ್ ಅನ್ನಲಿ?"

"ಏನರ ಅನ್ನು."

ಹಾಲು ಉಕ್ಕಿ ಒಲೆ ನಂದಿತು, ಮನೆಯೆಲ್ಲ ಸೀದ ವಾಸನೆ. ನೀಲವ್ವ ಇಬ್ಬರನ್ನೂ ಬೈಯುತ್ತ ಪಾತ್ರೆ ಇಳಿಸಲು ಓಡಿದಳು. ಮೈಲಾರಪ್ಪ ತನ್ನ ಹೆಂಡತಿಯ ಹೆಸರನ್ನು ಹೇಳುತ್ತಿದ್ದ, ಎಣಿಸುವವನ ಹಾಗೆ, ಒಂದಾದ ಮೇಲೊಂದು. ನಾನು ಮೀಟರನ್ನು ನೋಡಿ ಪುಸ್ತಕದಲ್ಲಿ ಬರೆದುಕೊಂಡೆ. ಒಂದು ಮೀಟರ್ ದೂರದಿಂದ, ೬೧ ಡೆಸಿಬೆಲ್.